ಎಡತೋಳಿನ ಅರ್ಧ ಇಂಚು

ಬಟ್ಟೆ ಕಂಪನಿಯಲ್ಲಿ ನನ್ನ ಕೆಲಸ ಸುಮ್ಮನೆ ನಿಲ್ಲುವುದು. ದಪ್ಪ ಹೆಂಗಸರಿಗೆಂದು ಹೊಲಿದ ಪ್ರತಿ ಉಡುಪನ್ನೂ ಮೊದಲು ನನಗೆ ತೊಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡುತ್ತಾರೆ. ಆರು ವರ್ಷದಿಂದ ಗುಂಡುಸೂಜಿ ಚುಚ್ಚಿಸಿಕೊಂಡಿದ್ದೇನೆ. ಅಂಗಡಿಯ ಗಾಜಿಗೆ ಅಂಟಿಸುವ ಫೋಟೋದಲ್ಲಿ ಮಾತ್ರ ಒಮ್ಮೆಯೂ ನಾನಿಲ್ಲ. ಈ ಸಲ ಕಂಪನಿ ನಡೆಸುವ ಮೇಡಂ ತಾವಾಗಿಯೇ ಹೇಳಿದರು, "ಫೋಟೋಗೆ ನೀನೇ ಬಾ." ಕುಂಬಳಕಾಯಿ ಎಂದು ಕರೆಸಿಕೊಂಡೇ ಬೆಳೆದವಳು ಅಂದು ಹಿಗ್ಗಿ ಹೀರೇಕಾಯಿಯಾದೆ.

ತಂಗಿಯೂ ಅಲ್ಲೇ ಹೊಲಿಗೆಯವಳು. ಭಾನುವಾರ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಟೇಪು ಹಿಡಿದಳು.

"ಅಲ್ಲಾಡ್ಬೇಡ ಅಕ್ಕ. ಫೋಟೋ ದಿನಕ್ಕೆ ನಿಂಗೊಂದು ಹೊಸ ಡ್ರೆಸ್ ಹೊಲೀತೀನಿ."

"ಟೇಪು ಸಾಲುತ್ತಾ ನೋಡು ಮೊದ್ಲು," ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಹೊಟ್ಟೆ, ತೊಡೆ, ಎರಡೂ ತೋಳು, ಎಲ್ಲ ಬರೆದುಕೊಂಡಳು. ಡ್ರೆಸ್ಸಿಗೆ ತೊಡೆಯ ಸುತ್ತಳತೆ ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಫೋಟೋ ದಿನ ತಲೆ ತೊಳೆದುಕೊಂಡು ಬೆಳಿಗ್ಗೆ ಎಂಟಕ್ಕೇ ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕಡ್ಡಿಯಂಥ ಹುಡುಗಿಯೊಬ್ಬಳು ನಿಂತಿದ್ದಳು. ಮೇಡಂ ಅವಳಿಗೆ ಸ್ಪಂಜಿನ ಹೊಟ್ಟೆ, ಸ್ಪಂಜಿನ ತೊಡೆ, ಸ್ಪಂಜಿನ ತೋಳು ಕಟ್ಟುತ್ತಿದ್ದರು.

"ಮುಖ ಸಣ್ಣಗಿದ್ರೇನೇ ಜನ ಕೊಳ್ಳೋದು," ಎಂದರು ನನಗೆ. "ಬೇಜಾರು ಮಾಡ್ಕೋಬೇಡ. ಮೈ ಅಳತೆ ನಿಂದೇ ಅಲ್ವಾ?"

ಸಿಟ್ಟು ನೆತ್ತಿಗೇರಿತು. ಆದರೂ ಮೇಡಂ ನನಗೇನು ಬಂಧುವೇ, ಬಳಗವೇ?

"ಈ ಎಡತೋಳು ಯಾಕೆ ದಪ್ಪ?" ಎಂದು ಆ ಹುಡುಗಿ ಕೇಳಿದಳು.

ನನ್ನ ಎಡತೋಳು ಬಲಕ್ಕಿಂತ ಅರ್ಧ ಇಂಚು ದಪ್ಪ. ಕಂಪನಿಯ ಪುಸ್ತಕದಲ್ಲಿರುವುದು ಬಲತೋಳಿನ ಅಳತೆ ಮಾತ್ರ. ಚಿಕ್ಕಂದಿನಲ್ಲಿ ನಿನ್ನನ್ನು ಎತ್ತಿ ಎತ್ತಿಯೇ ಹೀಗಾಯಿತು ಎಂದು ತಂಗಿಯನ್ನು ರೇಗಿಸುತ್ತಿದ್ದೆ.

ತಂಗಿ ಸೂಜಿದಾರ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಇದನ್ನ ಹೊಲಿದ್ರೆ ನನ್ನ ಸೂಪರ್‌ವೈಸರ್ ಮಾಡ್ತೀನಿ ಅಂದ್ರು ಅಕ್ಕ. ನಿಂಗೆ ಹೇಗೆ ಹೇಳೋದು ಅಂತ..."

"ಟೇಪು ಹಿಡಿದಾಗ ಬಾಯಿ ಬಿದ್ದು ಹೋಗಿತ್ತೇನೇ?"

ಮೇಡಂಗೆ ಇದೊಂದೂ ಬೇಕಿರಲಿಲ್ಲ.

"ತೋಳು ಸರಿಯಾಗಿ ಕೂತಿದೆಯಾ, ಮುಟ್ಟಿ ಹೇಳು," ಎಂದರು.

ಆರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹೋಯಿತು. ಸ್ಪಂಜಿನ ಮೇಲೆ ಬೆರಳಾಡಿಸಿದೆ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಹೊಲಿಗೆ ಸೊಟ್ಟಗಿಲ್ಲ. ಇಷ್ಟು ಅಚ್ಚುಕಟ್ಟಾಗಿ ನನ್ನ ತಂಗಿ ನನಗೆ ಎಂದೂ ಒಂದು ಬಟ್ಟೆ ಹೊಲಿದು ಕೊಟ್ಟಿರಲಿಲ್ಲ.