ಗೋಡೆಯೊಳಗಿನ ತಂತಿ

ಮಂಚ ಸಿಕ್ಕಿರಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲೇ ಚಾಪೆ ಹಾಸಿ ಬಡಗಿಯನ್ನು ಮಲಗಿಸಿದ್ದರು. ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿ, ಗ್ಲೂಕೋಸ್ ಕಂಬಕ್ಕೆ ಎತ್ತಿ ಕಟ್ಟಿದ್ದರು. ಬಟ್ಟೆಯ ತುದಿಯಲ್ಲಿ ಇಣುಕುತ್ತಿದ್ದ ಎರಡು ಬೆರಳು ಸುಟ್ಟ ಕೊಳ್ಳಿಯ ಹಾಗಿದ್ದವು. ಹೆಂಡತಿ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು.

"ಮಣಿಕಟ್ಟಿನವರೆಗೆ ತೆಗೀಬೇಕಾಗುತ್ತಮ್ಮ. ಬಿಟ್ರೆ ಮೇಲಕ್ಕೇರುತ್ತೆ," ಎಂದಿದ್ದರು ಡಾಕ್ಟರು.

"ಬಡಗಿ ಸ್ವಾಮಿ ಇವರು," ಎಂದಿದ್ದಳು.

ಹೊಸ ಫ್ಲಾಟಿನ ಮೂರನೇ ಮಹಡಿಯಲ್ಲಿ, ಅಡುಗೆಮನೆಯ ಗೋಡೆಗೆ ಕಪಾಟು ಕೂರಿಸಲು ಅವನು ಡ್ರಿಲ್ ಹಿಡಿದಿದ್ದ. ಸ್ವಿಚ್ಚಿನಿಂದ ಅಷ್ಟು ದೂರ, ಗೋಡೆಯ ನಟ್ಟನಡುವೆ ತಂತಿ ಇದ್ದೀತೆಂದು ಯಾರು ತಾನೇ ಎಣಿಸಿಯಾರು? ಮೊಳೆಯುದ್ದ ಒಳಗೆ ಹೋಗುವಷ್ಟರಲ್ಲಿ ಕರೆಂಟು ಅವನನ್ನು ಹಿಡಿದುಕೊಂಡಿತು. ತಾನಾಗಿ ಕರೆಂಟು ಕಡಿಯುವ ಸ್ವಿಚ್ಚನ್ನೂ ಹಾಕಿರಲಿಲ್ಲ. ಅಲ್ಲೇ ಬಣ್ಣ ಬಳಿಯುತ್ತಿದ್ದವನು ಮರದ ಹಲಗೆಯಿಂದ ತಳ್ಳಿ ಬಿಡಿಸಿದ್ದ.

ಮಧ್ಯಾಹ್ನ ಅವಳ ತಮ್ಮ ಬಂದ. ಅದೇ ಕಟ್ಟಡದಲ್ಲಿ ವೈರಿಂಗ್ ಕೆಲಸ ಅವನದು. ಬಂದವನು ಕೂರಲಿಲ್ಲ, ಗೋಡೆಗೆ ಹಣೆ ಒತ್ತಿ ನಿಂತ.

"ಅಕ್ಕಾ, ಆ ವೈರು ಎಳೆದೋನು ನಾನೇ."

ನೊಣ ಓಡಿಸುತ್ತಿದ್ದ ಸೆರಗು ನಿಂತಿತು.

"ವೈರಿಗೆ ಹಾಕೋ ಪೈಪು ಕೇಳ್ದೆ, ನಾಳೆ ಬರುತ್ತೆ ಅಂದ್ರು ಬಿಲ್ಡರ್ ಕಡೆಯೋರು. ನೆಟ್ಟಗೆ ಇಳಿಸ್ತೀನಿ ಅಂದೆ. ಬೇಡ, ಮೂಲೆಯಿಂದ ಮೂಲೆಗೆ ಓರೆಗೆ ಎಳಿ, ವೈರು ಉಳಿಯುತ್ತೆ ಅಂದ್ರು. ಸಂಜೆಗೆ ಗಿಲಾವು ಬಳಿದೇ ಬಿಟ್ರು. ಬರೀ ವೈರಕ್ಕಾ, ಮೇಲೊಂದು ತಗಡಿನ ಪಟ್ಟಿನೂ ಇಲ್ಲ. ಎಲ್ಲಾ ಮನೇಲೂ ಹಂಗೇ."

"ಗೊತ್ತಿದ್ದೂ ಎಳೆದ್ಯೇನೋ?"

"ನಾನು ಎಳೀದಿದ್ರೆ, ಎಳೆಯೋನು ಗೇಟಲ್ಲೇ ನಿಂತಿದ್ದ."

ಅವಳು ಎದ್ದು ಅವನ ಕೆನ್ನೆಗೆ ಬಾರಿಸಿದಳು. ಇನ್ನೊಂದು ಏಟಿಗೆ ಎತ್ತಿದ ಕೈ ಹಾಗೇ ಇಳಿಯಿತು. ಅದೇ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದ ಅವಳೇ ಆ ಗೋಡೆಗೆ ಗಾರೆ ಹೊತ್ತಿದ್ದಳು. ಬಾಣಲಿ ಇಳಿಸುವಾಗ ಕೆಂಪು ವೈರು ಕಣ್ಣಿಗೆ ಬಿದ್ದಿತ್ತು. ನಮಗ್ಯಾಕೆ ಎಂದು ಸುಮ್ಮನಾಗಿದ್ದಳು.

"ಹೊಡೀಬೇಡ ಕಣೇ ಅವನ್ನ," ಎಂದ ಗಂಡ ಚಾಪೆಯಿಂದ. "ಅವನೂ ಹೊಟ್ಟೆಪಾಡಿನೋನು."

ಸಂಜೆ ಬಿಲ್ಡರನ ಮ್ಯಾನೇಜರು ಬಂದ. ಮಾತು ಬಲು ಸಿಹಿ. ಕೂಲಿಯವರು ಬೆನ್ನ ಹಿಂದೆ 'ಸಕ್ಕರೆ' ಎನ್ನುತ್ತಿದ್ದರು.

"ನೋಡಮ್ಮ, ನಾವು ಕೈ ಬಿಡೋ ಜನ ಅಲ್ಲ," ಎಂದ.

ಅವಳು ಕಂಬಕ್ಕೆ ಕಟ್ಟಿದ್ದ ಗಂಡನ ಕೈ ನೋಡಿದಳು.

"ಆಸ್ಪತ್ರೆದೆಲ್ಲಾ ಧಣಿಗಳೇ ನೋಡ್ಕೋತಾರೆ. ನಾಳೆ ಪೊಲೀಸ್ನೋರು ಕೇಳೋಕೆ ಬಂದ್ರೆ, ಗಂಡ ಕುಡಿದಿದ್ದ ಅಂದ್ಬಿಡು."

"ಅವರು ಬೀಡಿನೂ ಮುಟ್ಟಲ್ಲ ಸ್ವಾಮಿ."

"ಹಾಗಾದ್ರೆ ನಿನ್ನ ತಮ್ಮನ ಮೇಲೆ ಹೇಳು. ಪೈಪು ಕೊಟ್ಟಿದ್ರು, ಅವನೇ ಮಾರ್ಕೊಂಡ ಅನ್ನು. ಯಾವುದಾದ್ರೂ ಸರಿ, ನಿನ್ನಿಷ್ಟ."

ಯಾವ ಕಣ್ಣು ಕೀಳಲಿ ಎಂದು ಕೇಳಿದ ಹಾಗಿತ್ತು.

"ಪೈಪು ಕೊಡದೋರ ಹೆಸರು ಹೇಳಬಾರದಾ?"

ಸಕ್ಕರೆಯ ನಗು ಮಾಸಲಿಲ್ಲ. "ಹೇಳು. ತೂತು ಮುಚ್ಚಿ ಬಣ್ಣ ಹೊಡೆದಾಗಿದೆ. ಗೋಡೆ ಬಂದು ಸಾಕ್ಷಿ ಹೇಳುತ್ತಾ? ಬೆಳಿಗ್ಗೆ ಫ್ಲಾಟುಗಳಿಗೆ ಜನ ಗಂಟುಮೂಟೆ ಸಮೇತ ಬರ್ತಿದ್ದಾರೆ. ಅಷ್ಟರೊಳಗೆ ಯೋಚನೆ ಮಾಡು. ಆಪರೇಷನ್ ಬೇಗ ಆಗಬೇಕಂತಲ್ಲ?"

ಅವನು ಹೋದ ಮೇಲೆ ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

"ಕುಡಿದಿದ್ದ ಅಂತ್ಲೇ ಹೇಳೇ," ಎಂದ ಗಂಡ. "ಕೈ ಹೆಂಗೂ ಹೋಯ್ತು, ಮಾನಾನೂ ಹೋಗ್ಲಿ." ಮತ್ತೆ ಅಂದ: "ಆದ್ರೆ ಆ ಮನೆಗಳಲ್ಲಿ ಯಾರಾದ್ರೂ ಒಂದು ಮೊಳೆ ಹೊಡೀದೇ ಇರ್ತಾರೇನೇ?"

ಅವಳು ಕಣ್ಣೊರೆಸಿಕೊಂಡು ತಮ್ಮನಿಗೆ ಹೇಳಿ ಕಳಿಸಿದಳು.

ಬೆಳಿಗ್ಗೆ ಅಕ್ಕ ತಮ್ಮ ಕಟ್ಟಡಕ್ಕೆ ಹೋದರು. ಹಾಸಿಗೆ, ಪಾತ್ರೆ, ಕುರ್ಚಿ ಹೊತ್ತು ಜನ ಮೆಟ್ಟಿಲು ಹತ್ತುತ್ತಿದ್ದರು. ಮೂರನೇ ಮಹಡಿಯ ಆ ಮನೆಗೆ ಇನ್ನೂ ಯಾರೂ ಬಂದಿರಲಿಲ್ಲ, ಬಾಗಿಲು ತೆರೆದೇ ಇತ್ತು. ತಮ್ಮ ಕರೆಂಟಿನ ಮೇನ್ ಸ್ವಿಚ್ಚು ಇಳಿಸಿ, ಗೋಡೆಗೆ ಉಳಿಯಿಟ್ಟು ಸುತ್ತಿಗೆ ಬೀಸಿದ. ಬೆರಳ ದಪ್ಪದ ಗಿಲಾವು ಗಾಯದ ಹಕ್ಕಳೆಯಂತೆ ಎದ್ದು ಬಂತು. ಕೆಂಪು ವೈರು ಬೆತ್ತಲೆಯಾಗಿ ಓರೆಗೆ ಮಲಗಿತ್ತು.

ಸದ್ದಿಗೆ ಜನ ಕೂಡಿದರು.

"ನೋಡ್ರಪ್ಪಾ," ಎಂದಳು ಅವಳು. "ಇದು ನನ್ನ ಗಂಡನ ಕೈ ತಿಂತು. ನಿಮ್ಮೆಲ್ಲರ ಗೋಡೇಲೂ ಇದೇ ಇದೆ."

"ಮುಚ್ಚಮ್ಮ, ಮೊದಲು ಮುಚ್ಚು!" ಎಂದ ಕನ್ನಡಕದವನೊಬ್ಬ. "ಹೊರಗೆ ಗೊತ್ತಾದ್ರೆ ಮನೆಗೆ ಬೆಲೆ ಇರುತ್ತಾ?" ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಬ್ಬೊಬ್ಬರಾಗಿ ಉಳಿದವರೂ ಕರಗಿದರು.

ಕೈ ಸುಟ್ಟಾಗ ನಾಳೆ ನೋಡೋಣ ಎಂದಿದ್ದ ಪೊಲೀಸರು, ಗೋಡೆ ಒಡೆದಾಗ ಅರ್ಧ ಗಂಟೆಯೊಳಗೆ ಬಂದರು.

"ಕಂಡೋರ ಗೋಡೆ ಒಡೀತೀಯೇನೋ?" ಎಂದು ತಮ್ಮನ ಕೊರಳಪಟ್ಟಿ ಹಿಡಿದು ಎಳೆದೊಯ್ದರು. ಅವನು ಒಂದೇ ಸಲ ತಿರುಗಿ ನೋಡಿದ.

"ಆಸ್ಪತ್ರೆ ಖರ್ಚು ಇನ್ಮೇಲೆ ನೀನೇ ನೋಡ್ಕೋಮ್ಮ," ಎಂದ ಪೊಲೀಸರ ಜೊತೆ ಬಂದಿದ್ದ ಸಕ್ಕರೆ, ಮೆಟ್ಟಿಲಿಳಿಯುತ್ತ. ನಗುತ್ತಲೇ ಇದ್ದ.

ಅವಳು ಗಿಲಾವಿನ ಚೂರುಗಳ ನಡುವೆ ಕುಸಿದು ಕೂತಳು. ಜೊತೆಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ. ಅಳು ಕೂಡ ಬರಲಿಲ್ಲ. ಸುತ್ತಿಗೆಯೂ ಉಳಿಯೂ ಅಲ್ಲೇ ಬಿದ್ದಿದ್ದವು. ಎತ್ತಿಕೊಂಡಳು. ಪಕ್ಕದ ಬಾಗಿಲು ತಟ್ಟಿದಳು. ಒಳಗಿನಿಂದ ಚಿಲಕ ಬಿಗಿಯಾದ ಸದ್ದು ಬಂತು. ಎದುರು ಬಾಗಿಲು ತಟ್ಟಿದಳು.

ಆಗ ಗುಂಪಿನಲ್ಲಿ ನಿಂತಿದ್ದ, ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಹೆಂಗಸು ಬಾಗಿಲು ತೆರೆದಳು. ಸುತ್ತಿಗೆ ನೋಡಿದಳು. ಅವಳ ಮುಖ ನೋಡಿದಳು. ಆಮೇಲೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಬಾಗಿಲನ್ನು ಪೂರ್ತಿ ತೆರೆದಳು.

"ಅಡುಗೆಮನೆ ಈ ಕಡೆ, ಅಕ್ಕಾ. ಕರೆಂಟು ಎಲ್ಲಿ ತೆಗೀಬೇಕು, ತೋರಿಸಿ."