ಬಾಬೆಟ್ ಗೋಪುರ ಹತ್ತಿದ್ದು

ಕ್ರಿಸ್‌ಮಸ್ ಸಂತೆಯ ಮೊದಲ ಸಂಜೆ. ರೋಥೆನ್‌ಬುರ್ಗ್ ಪಟ್ಟಣದ ಚೌಕದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಪಕ್ಕದ ಹಳ್ಳಿಯಿಂದ ರೈಲಿನಲ್ಲಿ ಬಂದಿದ್ದ ಬಾಬೆಟ್, ಗೆಳತಿ ಮಾರ್ಲೀಸಳ ಬಿಸಿ ವೈನಿನ ಅಂಗಡಿ ಮುಂದೆ ಜಾಗ ಹಿಡಿದು ನಿಂತಿದ್ದಳು. ಒಂದು ಕೈಯಲ್ಲಿ ವೈನ್, ಇನ್ನೊಂದರಲ್ಲಿ ಸಕ್ಕರೆ ಉದುರಿಸಿದ ಕರಿದ ಉಂಡೆ, ಬಾಯಿ ತುಂಬ ಊರ ಸುದ್ದಿ.

"ನಿನ್ನ ಗಂಡ ಈ ಸಲಾನೂ ಗೋಪುರ ಹತ್ತಿದ್ನೇನೇ? ಎಪ್ಪತ್ಮೂರಾಯ್ತಲ್ಲೇ ಅವನಿಗೆ!" ಎಂದಳು ಮಾರ್ಲೀಸ್.

"ಹತ್ತಿದ. ಹಂಡೆಯಂಥ ಆ ಟ್ಯೂಬಾ ತುತ್ತೂರಿ ಬೆನ್ನಿಗೆ ಕಟ್ಕೊಂಡು. ಹೇಳಿದ್ರೆ ಕೇಳೋ ಪ್ರಾಣಿನಾ ಅದು?"

ಸರಿಯಾಗಿ ಆರು ಗಂಟೆಗೆ ಚರ್ಚಿನ ಗೋಪುರದ ತುದಿಯಿಂದ ನಾಲ್ವರು ಹಬ್ಬದ ಹಾಡು ಊದಬೇಕು, ಆಮೇಲೇ ಸಂತೆಗೆ ಕಳೆ. ವಾದ್ಯದವರ ಮುಖ್ಯಸ್ಥೆ ಡಾಗ್ಮಾರ್ ಈ ವರ್ಷ ಖಡಾಖಂಡಿತ ಹೇಳಿಬಿಟ್ಟಿದ್ದಳು: ಬಾಬೆಟ್‌ಳ ಗಂಡ ಎರ್ವಿನ್‌ನಿಂದ ಒಂದು ನಿಮಿಷ ತಡವಾದರೂ ಸರಿ, ಮುಂದಿನ ವರ್ಷದಿಂದ ಅವನು ಕೆಳಗೆ, ಶಾಲೆ ಮಕ್ಕಳ ಜೊತೆ ಊದಲಿ. ಆ ಮಾತಿಗೆ ಬಾಬೆಟ್‌ಗೆ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಗೋಪುರ ತಪ್ಪಿದರೆ ಗಂಡ ಕೊರಗಿ ಕೊರಗಿಯೇ ಹೋಗುತ್ತಾನೆ ಎಂದು ಅವಳ ಲೆಕ್ಕ.

ಮೂಗು ಒರೆಸಲು ಕೋಟಿನ ಜೇಬಿಗೆ ಕೈ ಹಾಕಿದಳು. ಕೈಗೆ ಬಂದದ್ದು ಕರವಸ್ತ್ರವಲ್ಲ, ಟ್ಯೂಬಾಕ್ಕೆ ಸಿಕ್ಕಿಸಿ ಬಾಯಿಟ್ಟು ಊದುವ ಮೌತ್‌ಪೀಸ್! ಈ ಚಳಿಯಲ್ಲಿ ತಣ್ಣನೆಯ ಲೋಹ ತುಟಿಗೆ ಅಂಟಿಕೊಳ್ಳುತ್ತದೆಂದು ಹತ್ತುವ ತನಕ ಅದನ್ನು ಬೆಚ್ಚಗಿಡುವುದು ಅವಳದೇ ಕೆಲಸ. ಇವತ್ತು ಮಾತಿನ ಭರದಲ್ಲಿ ಕೊಡಲು ಮರೆತೇ ಹೋಗಿತ್ತು. ಅದಿಲ್ಲದ ಟ್ಯೂಬಾ ಬರೀ ಹಂಡೆ.

ತಕ್ಷಣ ಫೋನ್ ಮಾಡಿದಳು. ಎರ್ವಿನ್‌ನ ಫೋನ್ ಅವಳ ಕೈಚೀಲದೊಳಗೇ ಬಡಿದುಕೊಂಡಿತು.

"ಇನ್ನು ಹದಿನೈದೇ ನಿಮಿಷ ಕಣೇ! ನಾನು ಅಂಗಡಿ ಬಿಟ್ಟು ಬರೋ ಹಾಗಿಲ್ಲ, ನೀನೇ ಓಡು!" ಎಂದಳು ಮಾರ್ಲೀಸ್.

"ನಾನಾ? ಬಲ್ಬ್ ಹಾಕೋಕೆ ಸ್ಟೂಲ್ ಹತ್ತೋಳಲ್ಲ ನಾನು!"

ಆದರೂ ಓಡಿದಳು. ಇನ್ನೂರು ಮೆಟ್ಟಿಲು. ಒಂದೊಂದು ಕಿಟಕಿ ಬಂದಾಗಲೂ ಕಣ್ಣು ಮುಚ್ಚಿ, ಗೋಡೆ ತಬ್ಬಿ, ದೇವರನ್ನೂ ಗಂಡನನ್ನೂ ಒಟ್ಟಿಗೇ ಬಯ್ಯುತ್ತ ಹತ್ತಿದಳು. ಅಂತೂ ತುದಿ ಮುಟ್ಟಿದಳು. ಎರ್ವಿನ್ ಹತ್ತನೆಯ ಸಲ ತನ್ನ ಜೇಬುಗಳನ್ನು ತಡಕುತ್ತಿದ್ದ. ಡಾಗ್ಮಾರ್ ಗಡಿಯಾರ ನೋಡುತ್ತಿದ್ದಳು.

"ಹಿಡ್ಕೋ! ತಪ್ಪು ನಂದು, ಇವನದಲ್ಲ!" ಎಂದು ಕೂಗಿದವಳೇ ಬಾಬೆಟ್ ನೆಲದ ಮೇಲೆ ಕುಸಿದಳು.

ಗಂಟೆ ಆರು ಹೊಡೆಯಿತು. ನಾಲ್ವರೂ ಒಟ್ಟಿಗೆ ಊದಿದರು. ಟ್ಯೂಬಾದ ದನಿ ಕಲ್ಲುನೆಲದಿಂದಲೇ ಎದ್ದು ಅವಳ ಹೊಟ್ಟೆಯೊಳಗೆ ನಡುಗಿತು. ಅವಳಿಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತಳು.

ಹಾಡು ಮುಗಿದ ಮೇಲೆ ಡಾಗ್ಮಾರ್ ಎರ್ವಿನ್‌ನ ಭುಜ ತಟ್ಟಿದಳು. "ಸರಿಯಾದ ಟೈಮಿಗೆ ಶುರುವಾಯ್ತಲ್ಲ. ನಿನ್ನ ಜಾಗ ನಿನಗೇ."

ಇಳಿಯುವಾಗ ಎರ್ವಿನ್ ಅರ್ಧದಾರಿಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. "ಬಯ್ಯಬೇಡ, ಒಂದು ಮಾತು ಹೇಳ್ತೀನಿ. ಈ ಮಂಡಿಗೆ ಸಾಕಾಗಿ ಮೂರು ವರ್ಷ ಆಯ್ತು. ಮಕ್ಕಳ ಜೊತೆ ಊದೋಕೆ ನಂಗೇನೂ ಬೇಜಾರಿಲ್ಲ."

"ಮತ್ಯಾಕೆ ಹತ್ತುತೀಯೋ ಪುಣ್ಯಾತ್ಮ?"

"ಇನ್ಯಾಕೆ, ನಿನಗೋಸ್ಕರ! ಪ್ರತಿ ವರ್ಷ ನಾನು ಕೆಳಗೆ ಬಂದ ತಕ್ಷಣ 'ನಿನ್ನ ಟ್ಯೂಬಾ ಕೇಳಿ ಮೈ ಜುಂ ಅಂತು' ಅಂತೀಯಲ್ಲ. ಹೇಗೆ ಬಿಡ್ಲಿ ಹೇಳು?"

ಬಾಬೆಟ್ ಕೆಂಪಾದಳು. "ಎರ್ವಿನ್, ಕೆಳಗೆ ಟ್ಯೂಬಾ ಕೇಳಿಸೋದೇ ಇಲ್ಲ ಕಣೋ. ಬರೀ ಟ್ರಂಪೆಟ್. ಮೂವತ್ತೆಂಟು ವರ್ಷದಲ್ಲಿ ಒಂದ್ಸಲಾನೂ ಕೇಳಿಸಿಲ್ಲ. ನಿನಗೆ ಖುಷಿಯಾಗ್ಲಿ ಅಂತ ಹೇಳ್ತಿದ್ದೆ."

ಎರ್ವಿನ್‌ಗೆ ನಗು ಶುರುವಾಯಿತು ನೋಡಿ, ಮೇಲಿದ್ದವರು ಏನಾಯಿತೋ ಎಂದು ಇಣುಕಿದರು.

"ಹಾಗಾದ್ರೆ ಮುಗೀತು ಬಿಡು," ಎಂದ ಕಣ್ಣೊರೆಸಿಕೊಳ್ಳುತ್ತ. "ಮುಂದಿನ ವರ್ಷದಿಂದ ಕೆಳಗೇ ಊದ್ತೀನಿ."

"ಕೆಳಗಾ? ನಾನು ಮೊದಲ್ನೇ ಸಲ ಕೇಳಿದ್ದೇ ಈಗ ಮಾರಾಯ!" ಬಾಬೆಟ್ ಅವನ ತೋಳು ಹಿಡಿದು ಎಬ್ಬಿಸಿದಳು. "ಮುಂದಿನ ವರ್ಷಾನೂ ಸುಮ್ನೆ ಹತ್ತು. ಮಂಡಿ ನೋವಾದ್ರೆ ನಾನು ಹಿಂದಿನಿಂದ ತಳ್ತೀನಿ."