ನೈಋತ್ಯಕ್ಕೆ ಮುಖ ಮಾಡಿದ ಮೂಲೆ

ನಾನು ಒಂದು ಮೂಲೆ. ಮನೆಯ ಮೂಲೆಯಲ್ಲ, ಮನೆಯೇ ಇಲ್ಲದ ಮೂಲೆ. ಮೂರು ಅಲ್ಯೂಮಿನಿಯಂ ತಗಡುಗಳನ್ನು ತ್ರಿಕೋನವಾಗಿ ಕತ್ತರಿಸಿ, ಒಂದಕ್ಕೊಂದು ನೆಟ್ಟಗೆ ನಿಲ್ಲುವಂತೆ ಜೋಡಿಸಿದರೆ ನಾನು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ನನ್ನ ಜೊತೆಗಿದ್ದ ತಗಡೆಲ್ಲ ಇಡ್ಲಿ ಪಾತ್ರೆಗಳಾಗಿ ಮದುವೆ ಮನೆಗಳಿಗೆ ಹೋಯಿತು. ನನ್ನನ್ನು ಜೋಡಿಸಿದ ಬಾಳಪ್ಪ ಮಿಸ್ತ್ರಿ ಹಿಂದೆ ಸರಿದು ನೋಡಿ, ಇದು ಬುಟ್ಟಿಯೂ ಅಲ್ಲ, ಮೊರವೂ ಅಲ್ಲ ಎಂದು ಗೊಣಗಿದ. ಮಳೆನೀರು ನಿಲ್ಲದಿರಲೆಂದು ತಳಕ್ಕೆ ತೂತು ಕೊರೆಯುವಾಗಲಂತೂ ಅವನಿಗೆ ನನ್ನ ಮೇಲೆ ಕನಿಕರವೇ ಬಂತು.

ನನಗೆ ಬರುವ ವಿದ್ಯೆ ಒಂದೇ: ಬಂದದ್ದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದು. ಅದು ಯಾರಿಗೆ ಬೇಕು ಎಂದರೆ, ಆಕಾಶದಲ್ಲಿ ಸುತ್ತುವ ಒಂದು ರೇಡಾರ್ ಉಪಗ್ರಹಕ್ಕೆ. ಅದು ಕಣ್ಣಿನಿಂದ ನೋಡುವುದಿಲ್ಲ. ರೇಡಿಯೋ ಅಲೆಯಲ್ಲಿ ಒಂದು ಕೂಗು ಹಾಕಿ ಪ್ರತಿಧ್ವನಿಗೆ ಕಿವಿಗೊಡುತ್ತದೆ. ಮೋಡ, ಕತ್ತಲು ಅದಕ್ಕೆ ಲೆಕ್ಕಕ್ಕಿಲ್ಲ. ಕಿವಿ ಮಾತ್ರ ಚಿಕ್ಕದು. ಆ ಚಿಕ್ಕ ಕಿವಿಯನ್ನೇ ಆಕಾಶದುದ್ದಕ್ಕೂ ಎಳೆದುಕೊಂಡು ಹೋಗಿ, ದಾರಿಯಲ್ಲಿ ಕೇಳಿದ್ದನ್ನೆಲ್ಲ ಒಂದಕ್ಕೊಂದು ಹೊಲಿದು, ಮೈಲುದ್ದದ ಕಿವಿ ಇದ್ದವರ ಗತ್ತಿನಲ್ಲಿ ನೆಲದ ಚಿತ್ರ ಬಿಡಿಸುತ್ತದೆ. ಇಲ್ಲದ ದೊಡ್ಡಸ್ತಿಕೆಯನ್ನು ಹೀಗೆ ಹೊಲಿದುಕೊಂಡವರನ್ನು ನಾನು ನೆಲದ ಮೇಲೂ ಕಂಡಿದ್ದೇನೆ. ಅವರಿಂದ ಇಷ್ಟು ಒಳ್ಳೆಯ ಕೆಲಸ ಆಗಿದ್ದು ಕಾಣೆ. ಆ ಚಿತ್ರದಲ್ಲಿ ಹೊಲ, ದಿಬ್ಬ, ಬಯಲು ಎಲ್ಲ ಬೂದಿ ಬಣ್ಣ. ನಾನೊಬ್ಬ ಬೆಳ್ಳಗಿನ ಚುಕ್ಕೆ. ನಾನು ನಿಂತ ನೆಲ ಒಂದು ಅಕ್ಕಿಕಾಳಿನಷ್ಟು ಇಳಿದರೂ ಮುಂದಿನ ಸಲದ ಪ್ರತಿಧ್ವನಿ ಅದನ್ನು ಹೇಳಿಬಿಡುತ್ತದೆ.

ನನ್ನನ್ನು ಮಾಡಿಸಿದವರು ಇಂದುಧರ ಎಂಬ ಸಂಶೋಧಕರು, ಧಾರವಾಡದ ಕಡೆಯವರು. ರಾಯಚೂರು ಸೀಮೆಯ ಕೆಂಚನಬಂಡಿಯಲ್ಲಿ, ಚಿನ್ನದ ಗಣಿಯ ಪಕ್ಕದ ಅಂಗನವಾಡಿಯ ಅಂಗಳದಲ್ಲಿ ಕಾಂಕ್ರೀಟು ಹಾಕಿಸಿ ನನ್ನನ್ನು ನಿಲ್ಲಿಸಿದರು. ಊರಿನ ಕೆಳಗೆಲ್ಲ ಹಳೆಯ ಸುರಂಗ. ಅಂಗನವಾಡಿಯ ಗೋಡೆಯಲ್ಲಿ ಒಂದು ಬಿರುಕು. ಅದನ್ನು ಮೊದಲು ಕಂಡವರು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಾನಮ್ಮ ಅಕ್ಕೋರು. ಗಣಿಯ ಕಚೇರಿಯವರು ಬಂದು ಗಾರೆ ಮೆತ್ತಿಸಿದರು, ಬಿರುಕು ಮತ್ತೆ ಬಂತು. ನೆಲ ಇಳಿಯುತ್ತಿಲ್ಲ, ಗಾರೆ ಕೆಲಸವೇ ಸರಿಯಿಲ್ಲ ಎಂದು ಅವರ ವಾದ. ನೆಲ ಇಳಿಯುತ್ತಿದೆ ಎಂದು ತೋರಿಸಿದರೆ ಮಾತ್ರ ಮಕ್ಕಳಿಗೆ ಬೇರೆ ಜಾಗ. ತೋರಿಸಬೇಕಾದ ಸಾಕ್ಷಿ ನಾನು.

ಮಾನಮ್ಮ ಅಕ್ಕೋರು ಮೊದಲ ದಿನವೇ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಭಕ್ತಿಯಿಂದಲ್ಲ, ಅನುಮಾನದಿಂದ.

"ಸರ, ಇದರ ಮಾರಿ ನೈಋತ್ಯಕ್ಕ ಐತಲ್ರಿ."

"ಪಶ್ಚಿಮಕ್ಕರಿ ಅಕ್ಕೋರೆ. ದಕ್ಷಿಣಕ್ಕ ಬರೇ ಒಂಚೂರು ವಾಲೇತಿ. ಉಪಗ್ರಹ ಆ ಕಡಿಂದ ನೋಡ್ತೈತಿ."

"ಯಮ ಬರಾಕ ಒಂಚೂರು ಸಾಕ್ರಿ."

ಇಂದುಧರರು ನಕ್ಕರು. ಮುಟ್ಟಬಾರದು ಎಂದು ಕೆಂಪು ಬಣ್ಣದಲ್ಲಿ ಬರೆಸಿ ಹೊರಟುಹೋದರು. ಯಾಕೆ ಮುಟ್ಟಬಾರದು ಎಂಬುದನ್ನು ಮಾತ್ರ ಹೇಳಲಿಲ್ಲ. ಓದಿದವರು ಹೀಗೆಯೇ, ನಕ್ಕರೆ ಉತ್ತರ ಕೊಟ್ಟಂತಾಯಿತು ಎಂದುಕೊಳ್ಳುತ್ತಾರೆ.

ಅಕ್ಕೋರು ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗಲೂ ನನ್ನತ್ತ ಒಂದು ಕಣ್ಣಿಟ್ಟಿರುತ್ತಿದ್ದರು. ಒಂದು ಕೂಸಿಗೆ ಜ್ವರ ಬಂತು. ಇನ್ನೊಂದು ಜಾರಿ ಬಿತ್ತು. ಎಲ್ಲಾ ಅಂಗನವಾಡಿಗಳಲ್ಲೂ ಕೂಸುಗಳಿಗೆ ಜ್ವರ ಬರುತ್ತದೆ, ಅವು ಜಾರಿಯೂ ಬೀಳುತ್ತವೆ. ಆದರೆ ಇಲ್ಲಿ ನಾನಿದ್ದೆ.

ಆಯುಧಪೂಜೆ ಬಂತು. ಕಬ್ಬಿಣ, ತಗಡು ಎಂದರೆ ಅಂದು ಎಲ್ಲದಕ್ಕೂ ಸ್ನಾನ. ಅಕ್ಕೋರು ಒಲೆ ತೊಳೆದರು, ತಕ್ಕಡಿ ತೊಳೆದರು, ಹುಣಸೆಹಣ್ಣು ಹಚ್ಚಿ ನನ್ನನ್ನೂ ಉಜ್ಜಿದರು. ಅಂಥ ಆರೈಕೆ ನನಗೆ ಅದೇ ಮೊದಲು. ಆಮೇಲೆ ಸೈಕಲ್ ಅಂಗಡಿಯ ಲಾಡ್ಲೇಸಾಬರನ್ನು ಕರೆಸಿದರು. ಅವರು ಕೆಂಪು ಅಕ್ಷರ ಓದಿ, ತಲೆ ಕೆರೆದುಕೊಂಡು, ಮುಟ್ಟಬಾರದು ಅಂತ ಬರದಾರಲ್ಲ ಎಂದರು. ಮುಟ್ಟಬಾರದು ಅಂದಾರ, ತಿರುಗಿಸಬಾರದು ಅಂದಿಲ್ಲ ಎಂದರು ಅಕ್ಕೋರು. ಪಾನಾ ಹಾಕಿ ಬೋಲ್ಟು ಸಡಿಲಿಸಿದ್ದಾಯಿತು. ನಾನು ಪೂರ್ವಕ್ಕೆ ತಿರುಗಿದೆ. ಚೆಂಡುಹೂವಿನ ಮಾಲೆ, ಕುಂಕುಮ, ಊದಿನಕಡ್ಡಿ. ಅಂದು ಅವರು ನಿರಾಳವಾಗಿ ಕೂತು ಮಕ್ಕಳೊಂದಿಗೆ ಹಾಡು ಹೇಳಿದರು.

ಕೆಲವು ದಿನಗಳ ಮೇಲೆ ಉಪಗ್ರಹ ಪಡುವಣದಿಂದ ಕೂಗಿತು. ನನ್ನ ಬೆನ್ನಿಗೆ ಬಡಿದ ಕೂಗು ಎತ್ತಲೋ ಚದುರಿತು. ಮುಂದಿನ ಸಲವೂ ಅಷ್ಟೇ.

ಇಂದುಧರರು ಓಡಿ ಬಂದರು. ಸಿಟ್ಟಾಗಬೇಕೆಂದೇ ಬಂದಿದ್ದರು, ಆದರೆ ನನ್ನ ಕೊರಳಿನ ಒಣಗಿದ ಮಾಲೆ ನೋಡಿ ಮೆತ್ತಗಾದರು. ಅಕ್ಕೋರ ಪಕ್ಕ ಚಾಪೆಯ ಮೇಲೆ ಕೂತು, ಮೊದಲ ದಿನವೇ ಹೇಳಬೇಕಿದ್ದದ್ದನ್ನು ಅಂದು ಹೇಳಿದರು: ಉಪಗ್ರಹ, ಕೂಗು, ಬಿಳಿ ಚುಕ್ಕೆ. ಚಿತ್ರದಲ್ಲಿ ಚುಕ್ಕೆ ಅಳಿಸಿದೆ, ಗಣಿಯವರ ಸಭೆ ಹತ್ತಿರದಲ್ಲಿದೆ, ಸಾಕ್ಷಿ ನಡುವೆ ಹರಿದರೆ ಅವರು ಒಪ್ಪುವುದಿಲ್ಲ ಎಂದರು.

ಅಕ್ಕೋರು ಗೋಡೆಯ ಬಿರುಕಿನತ್ತ ತಿರುಗಿದರು.

"ಹುಡುಗ್ರನ್ನ ಕಾಯಾಕ ಹೋಗಿ, ಹುಡುಗ್ರ ಪರವಾಗಿ ಮಾತಾಡೋ ಬಾಯಿನ ಕಟ್ಟಿಬಿಟ್ನಲ್ರಿ."

ಇಂದುಧರರು ಬಗ್ಗಿ ನನ್ನ ಬುಡ ಪರೀಕ್ಷಿಸಿದರು. ನನ್ನ ಮೂರೂ ತಗಡು ಕೂಡುವ ಆ ಒಂದು ಬಿಂದುವೇ ನಾನು. ಉಳಿದದ್ದು ಬರೀ ರೆಕ್ಕೆ. ಆ ಬಿಂದುವಿನ ನೇರ ಕೆಳಗೇ ನಾನು ತಿರುಗುವ ಗೂಟ. ಹಾಗಾಗಿ ನಾನು ಮುಖ ತಿರುಗಿಸಿದ್ದೆನೇ ಹೊರತು ಜಾಗ ಬಿಟ್ಟಿರಲಿಲ್ಲ. ಮೊದಲಿದ್ದ ಕಡೆಗೇ ತಿರುಗಿಸಿದರೆ ಹರಿದದ್ದನ್ನು ಸೇರಿಸಬಹುದು ಎಂದರು.

ಅಕ್ಕೋರು ಒಪ್ಪಿದರು. ಬೋಲ್ಟು ಬಿಗಿದಾದ ಮೇಲೆ ಎದ್ದು, ತಮ್ಮ ಚಾಪೆಯನ್ನು ಎಳೆದು ತಂದು, ನೈಋತ್ಯದ ಕಡೆ ನನ್ನ ಮುಂದೆ ಹಾಸಿ, ಮಕ್ಕಳಿಗೆ ಬೆನ್ನು ಕೊಟ್ಟು ಕೂತರು.

"ಬರೋನು ಬಂದ್ರ ಮೊದಲ ನನ್ನ ನೋಡ್ಲಿ."

ಉಪಗ್ರಹ ಬರುವುದು ಸಂಜೆ, ಆಗ ಇಲ್ಲಿ ಮಕ್ಕಳೂ ಇರುವುದಿಲ್ಲ, ಅಕ್ಕೋರೂ ಇರುವುದಿಲ್ಲ ಎಂದು ಇಂದುಧರರಿಗೆ ಗೊತ್ತಿತ್ತು. ಆದರೂ ಚಾಪೆಯ ಮಡಿಚಿದ ಅಂಚನ್ನು ಬಿಡಿಸಿ ಕೊಟ್ಟರು. ಈ ಸಲ ನಗಲಿಲ್ಲ.

ಅಂದಿನಿಂದ ಅಕ್ಕಿ ಆರಿಸುವುದು, ಅಕ್ಷರ ಹೇಳಿಕೊಡುವುದು ಎಲ್ಲ ಆ ಚಾಪೆಯ ಮೇಲಿಂದಲೇ. ನನ್ನ ಚುಕ್ಕೆ ಚಿತ್ರಕ್ಕೆ ಮರಳಿತು. ಮರಳಿದ್ದು ಇನ್ನಷ್ಟು ಕೆಳಗೆ, ಅಷ್ಟರಲ್ಲಿ ನೆಲ ಮತ್ತೂ ಇಳಿದಿತ್ತು. ಸಭೆಯಲ್ಲಿ ಯಾರೂ ಗಾರೆಯ ಮಾತೆತ್ತಲಿಲ್ಲವಂತೆ. ಅಂಗನವಾಡಿ ಊರಿನ ಆ ತುದಿಗೆ, ನೇಕಾರರ ಸಂಘದ ಕಟ್ಟಡಕ್ಕೆ ಹೋಯಿತು. ನಾನು ಖಾಲಿ ಅಂಗಳದಲ್ಲಿ ಉಳಿದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮಕ್ಕಳು ಉಂಡು ಮಲಗುವ ಹೊತ್ತಿಗೆ, ಹಳೆಯ ಅಂಗನವಾಡಿಯ ಕೋಣೆಯ ನೆಲ ಕೂತುಹೋಯಿತು. ದೊಡ್ಡ ಸದ್ದೇನೂ ಇಲ್ಲ, ದಣಿದವರು ನಿಟ್ಟುಸಿರು ಬಿಟ್ಟಂತೆ. ಒಳಗೆ ಇದ್ದದ್ದು ಕಾಲು ಮುರಿದ ಒಂದು ಮರದ ಕುದುರೆ. ನಾನೂ ಒಂದು ಕಡೆಗೆ ವಾಲಿದೆ. ಸುದ್ದಿ ಕೇಳಿ ಓಡಿ ಬಂದ ಅಕ್ಕೋರು ಕುಸಿದ ಬಾಗಿಲ ಮುಂದೆ ನಿಂತು, ಒಂದೊಂದೇ ಕೂಸಿನ ಹೆಸರು ಹೇಳಿಕೊಂಡರು, ಹಾಜರಿ ತೆಗೆದುಕೊಳ್ಳುವ ಹಾಗೆ. ಎಲ್ಲರೂ ಆ ತುದಿಯಲ್ಲಿ ನಿದ್ದೆ ಮಾಡುತ್ತಿದ್ದರು.

ವಾಲಿದ ಮೂಲೆ ಉಪಗ್ರಹಕ್ಕೆ ಬೇಡ. ಇಂದುಧರರು ಬೇರೆ ಕಡೆ ಹೊಸಬನನ್ನು ನಿಲ್ಲಿಸಿದರು. ನನ್ನನ್ನು ಅಕ್ಕೋರು ಕೇಳಿ ಪಡೆದರು.

ಈಗ ನಾನು ನೇಕಾರರ ಸಂಘದ ಅಂಗಳದಲ್ಲಿದ್ದೇನೆ, ಪೂರ್ವಕ್ಕೆ ಮುಖ ಮಾಡಿ, ಶಾಸ್ತ್ರೋಕ್ತವಾಗಿ. ವರ್ಷಕ್ಕೊಮ್ಮೆ ಹುಣಸೆಹಣ್ಣಿನ ಸ್ನಾನ. ಮಕ್ಕಳು ಯಾವ ಕಡೆಯಿಂದ ಇಣುಕಿದರೂ ನನ್ನ ಮೂಲೆಯಲ್ಲಿ ಅವರದೇ ಮುಖ, ಮಸುಕಾಗಿ, ತಲೆಕೆಳಗಾಗಿ. ಬಿದ್ದು ಬಿದ್ದು ನಗುತ್ತಾರೆ. ಬಂದದ್ದನ್ನು ಹಿಂದಕ್ಕೆ ಕಳಿಸುವ ಕೆಲಸ ಹೀಗೆ ಮುಂದುವರಿದಿದೆ. ಮೇಲೆ ಉಪಗ್ರಹ ಕೂಗಿ ಹೋಗುತ್ತದೆ. ಅದಕ್ಕೆ ಉತ್ತರ ಕೊಡಲು ಬೇರೆಯವರಿದ್ದಾರೆ.

ನೈಋತ್ಯಕ್ಕೆ ಈಗ ಯಾರೂ ಬಾಯಿ ತೆರೆದು ಕೂತಿಲ್ಲ. ಆದರೂ ಅಕ್ಕೋರು ಬೆಳಗ್ಗೆ ಬಂದವರೇ ಚಾಪೆ ಎಳೆದು ಆ ದಿಕ್ಕಿಗೇ ಹಾಸುತ್ತಾರೆ, ಮಕ್ಕಳಿಗೆ ಬೆನ್ನು ಕೊಟ್ಟು.